ಎರವಲು ಮಗು

ಹೋಲ್ಟ್ಸ್‌ಬುರ್ಗ್, ಜರ್ಮನಿ
12 ಫೆಬ್ರವರಿ 1984

ನನ್ನ ಮುದಿ ಹೆಂಡತಿ ಚೌಸಿಕು ಅಜ್ಜಿಗೆ,

ಹೊರೆಯಾಳಿನ ಮೊಮ್ಮಗ ಮಿಹಾಯೋನ ಸಲಾಮು. ಈ ಕಾಗದ ಮುಟ್ಟುವಾಗ ನೀನು ಬದುಕಿದ್ದರೆ ನೀನೇ ಓದು, ಸತ್ತಿದ್ದರೆ ಮೊಮ್ಮಗಳು ತಾಬು ಓದಿ ಹೇಳಲಿ. ಎರಡು ವರ್ಷ ಒಂದು ಸಾಲೂ ಬರೆಯಲಿಲ್ಲ, ನಿಜ. ಬೈಯುವುದಿದ್ದರೆ ಬೈ. ಇಲ್ಲಿ ನನ್ನನ್ನು ನಮ್ಮ ಭಾಷೆಯಲ್ಲಿ ಬೈಯುವವರು ಯಾರೂ ಇಲ್ಲ.

ಚಳಿಯ ಬಗ್ಗೆ ಬರೆಯುವುದಿಲ್ಲ, ಅದು ನನಗೇ ಸಾಕಾಗಿದೆ. ಮರಗೆಲಸದ ತರಬೇತಿ ಮುಗಿಯಿತು. ಈಗ ಈ ಊರಿನ ಮ್ಯೂಸಿಯಂನಲ್ಲಿ ಪೆಟ್ಟಿಗೆ ಮಾಡುವ ಕೆಲಸಕ್ಕೆ ಹಾಕಿದ್ದಾರೆ. ಜನ ಟಿಕೆಟ್ ತೆಗೆದು ನೋಡುವ ಕೋಣೆಗಳಲ್ಲಲ್ಲ, ಕೆಳಗೆ, ನೆಲಮಾಳಿಗೆಯಲ್ಲಿ. ಮೇಲೆ ತೋರಿಸುವುದು ನೂರು, ಕೆಳಗೆ ತುಂಬಿಟ್ಟಿರುವುದು ಸಾವಿರಾರು. ನಮ್ಮ ಕಡೆಯ ಡೋಲು, ಬಿಲ್ಲು, ಕುಳಿತುಕೊಳ್ಳುವ ಮಣೆ, ಯಾರದೋ ಮನೆಯ ಬಾಗಿಲು. ಒಂದು ಕಪಾಟಿನ ತುಂಬ ಬರೀ ಬಾಚಣಿಗೆ. ಅಷ್ಟೊಂದು ಬಾಚಣಿಗೆ ಹೊತ್ತು ತಂದವರು ಏನು ಬಾಚಿಕೊಂಡರೋ ದೇವರೇ ಬಲ್ಲ. ನಾನು ಒಂದೊಂದರ ಅಳತೆ ತೆಗೆದು ಪೆಟ್ಟಿಗೆ ಹೊಡೆಯುತ್ತೇನೆ, ಮುಚ್ಚಳ ಹಾಕುತ್ತೇನೆ. ದಿನಕ್ಕೆ ಐದು ಪೆಟ್ಟಿಗೆ. ದಣಿವು ಕೈಗಲ್ಲ, ಮತ್ತೆಲ್ಲೋ ಆಗುತ್ತದೆ.

ಕಳೆದ ತಿಂಗಳು ಒಂದು ಮರದ ಮಗುವಿಗೆ ಪೆಟ್ಟಿಗೆ ಮಾಡಿದೆ. ನಿಮ್ಮ ಹುಡುಗಿಯರು ಮೈನೆರೆದು ಒಳಗೆ ಕೂತಾಗ ಮಡಿಲಲ್ಲಿಟ್ಟುಕೊಂಡು ಸಾಕುತ್ತಾರಲ್ಲ, ಅದೇ. ಕೈಯಿಲ್ಲ, ಕಾಲಿಲ್ಲ, ತಲೆಯ ಮೇಲೆ ಎರಡು ಜುಟ್ಟು. ಎಡಗಡೆ ಜುಟ್ಟಿನ ತುದಿ ಸುಟ್ಟು ಕರಕಾಗಿದೆ.

ಅಜ್ಜಿ, ನಿನ್ನ ತಂಗಿ ಸತ್ತಾಗ ಹಾಡಿದವನು ನಾನು. ನಮ್ಮ ಕುಲಕ್ಕೂ ನಿಮ್ಮ ಕುಲಕ್ಕೂ ಗೇಲಿಯ ನಂಟು, ನಿನ್ನನ್ನು ಹೆಂಡತಿ ಅನ್ನುವುದೂ ಅದೇ ಸಲುಗೆಯಲ್ಲಿ. ನಿಮ್ಮ ಸಾವಿನ ಮನೆಗೆ ಬಂದು ನಿಮ್ಮನ್ನೇ ಆಡಿಕೊಂಡು ನಗಿಸುವುದು ನಮ್ಮ ಹಕ್ಕೂ ಹೌದು, ಕೆಲಸವೂ ಹೌದು. ಅವತ್ತು ಹೆಣದ ಪಕ್ಕದಲ್ಲೇ ಚಾಪೆ ಹಾಸಿ ಮಲಗಿ ಕೂಗಿದ್ದೆ:

"ಬಿಳೀ ಹೆಂಗ್ಸಿಗೆ ಮಗು ಮಾರ್ದೋರ ಮನೆ ಇದು,
ಮಡಿಲು ಬರಿದು, ಮಾತು ಮಾತ್ರ ದೊಡ್ದು!"

ಎಲ್ಲರೂ ನಕ್ಕರು. ನೀನೂ ನಕ್ಕೆ. ಆಮೇಲೆ ಕೈ ತೊಳೆಯುವಾಗ ನನ್ನ ಪಕ್ಕ ಬಂದು, "ನಾನ್ ಸತ್ತಾಗ ಬೇರೆ ಏನಾದ್ರೂ ಹಾಡೋ, ಮಿಹಾಯೋ," ಅಂದೆ. ನಾನು ಅದನ್ನೂ ತಮಾಷೆ ಅಂದುಕೊಂಡಿದ್ದೆ.

ನಿನ್ನ ಅಜ್ಜಿ ಮ್ವಾಂವುವಾ ಒಳಗೆ ಕೂತಿದ್ದಾಗ, ಆಮೇಲೆ ನಿಮ್ಮ ಮನೆಯಿಂದ ಹೋದ ಆ ಮರದ ಮಗು ಒಲೆಗೆ ಬಿದ್ದು ಜುಟ್ಟು ಸುಟ್ಟಿತ್ತೆಂದು ನೀನೇ ಹೇಳಿದ್ದೆ. ಅದಕ್ಕೇ ಬರೆದೆ. ಆದರೆ ಆಸೆ ಇಟ್ಟುಕೊಳ್ಳಬೇಡ. ಇದರ ಕುತ್ತಿಗೆಗೆ ಕಟ್ಟಿದ ಚೀಟಿಯಲ್ಲಿ ಹೀಗಿದೆ: "ಅಜಿಮಾ. ಮಂತ್ರಿಸಿದ ತಾಯಿತ. ಪಾದ್ರಿಯ ಪತ್ನಿಗೆ ಸ್ಥಳೀಯ ಹೆಂಗಸು ಕೊಟ್ಟ ಕಾಣಿಕೆ, 1911. ಕೂದಲಿನ ಗಂಟುಗಳಿವೆ." ಮಸೀದಿಯ ಗುರು ಬರೆದುಕೊಡುವ ಅಜಿಮಾ ನಮಗೆಲ್ಲ ಗೊತ್ತು. ನಿಮ್ಮದು ತಾಯಿತ ಅಲ್ಲವಲ್ಲ. ಬೇರೆ ಯಾವುದೋ ಊರಿನದಿರಬೇಕು.

ನಿನ್ನ ಗಂಡ,
ಮಿಹಾಯೋ

~

ಕಿಬುಯುನಿ, ತಾಂಜಾನಿಯಾ
9 ಏಪ್ರಿಲ್ 1984

ಗಂಡ ಅನ್ನಿಸಿಕೊಂಡವನಿಗೆ,

ನಾನು ಸತ್ತಿಲ್ಲ. ನಿನ್ನ ಕಾಗದವನ್ನು ನಾನೇ ಓದಿದೆ. ಅರವತ್ತು ದಾಟಿದ ಮೇಲೆ ಮಾವಿನ ಮರದ ಕೆಳಗೆ ಕೂತು ಅಕ್ಷರ ಕಲಿತದ್ದು ಸರ್ಕಾರದ ಕಾಗದ ಓದುವುದಕ್ಕಲ್ಲ, ನಿನ್ನಂಥವರ ಸುಳ್ಳು ಓದುವುದಕ್ಕೆ. ನನ್ನ ಅಕ್ಷರ ದೊಡ್ಡದು, ಕಾಗದ ಬೇಗ ತುಂಬುತ್ತದೆ, ಸಹಿಸಿಕೋ.

ಇಲ್ಲಿ ಸಕ್ಕರೆ ಇಲ್ಲ, ಸೋಪಿಲ್ಲ. ಅಂಗಡಿಗೆ ಲಾರಿ ಬಂತೆಂದು ಓಡಿದರೆ ಅದರಲ್ಲಿ ಗುದ್ದಲಿ ಇರುತ್ತದೆ, ಅದೂ ಹಿಡಿಯಿಲ್ಲದ್ದು. ಬಟ್ಟೆ ಒಗೆಯುವುದಕ್ಕೆ ಪಪ್ಪಾಯಿ ಎಲೆ. ಸರ್ಕಾರದವರು ಊರನ್ನು ಎತ್ತಿ ತಂದು ರಸ್ತೆಯ ಪಕ್ಕ ಇಟ್ಟು ಹತ್ತು ವರ್ಷವಾಯಿತು. ಆಸ್ಪತ್ರೆ ಬರುತ್ತದೆ ಅಂದಿದ್ದರು. ಗೋಡಂಬಿ ಮರ ಅಲ್ಲೇ ಉಳಿದವು, ಗೋರಿ ಅಲ್ಲೇ ಉಳಿದವು, ನಾವು ಮಾತ್ರ ಬಂದೆವು.

ಚೀಟಿಯಲ್ಲಿ ತಾಯಿತ ಎಂದು ಬರೆದವನ ಬಾಯಿಗೆ ಮಣ್ಣು ಬೀಳಲಿ. ಮನೆಯ ಮಗುವನ್ನು ಯಾರಾದರೂ ತಾಯಿತ ಅನ್ನುತ್ತಾರೆಯೇ? ನೀನು ಓದಿದವನು, ಚೀಟಿ ನೋಡುತ್ತೀ. ನಾನು ಜುಟ್ಟು ನೋಡುತ್ತೇನೆ. ಕೂದಲಿನ ಗಂಟು ಎಷ್ಟಿವೆ, ಎಣಿಸಿ ಬರೆ. ಒಳಗೆ ಕೂತ ಒಬ್ಬೊಬ್ಬ ಹುಡುಗಿಯದೂ ಒಂದೊಂದು ಗಂಟು. ನಮ್ಮದರಲ್ಲಿ ಹನ್ನೊಂದಿರಬೇಕು. ಹನ್ನೆರಡನೆಯದು ನನ್ನದಾಗಬೇಕಿತ್ತು.

ಅಜ್ಜಿ ಮ್ವಾಂವುವಾ ಸಾಯುವ ತನಕ ಒಂದೇ ಮಾತು ಹೇಳಿದಳು. "ಹೌದು, ನಾನೇ ಕೊಟ್ಟೆ." ಯಾಕೆ ಕೊಟ್ಟೆ, ಏನು ತಗೊಂಡೆ ಅಂದರೆ ಬಾಯಿ ಬಿಡುತ್ತಿರಲಿಲ್ಲ. ಅಣ್ಣತಮ್ಮಂದಿರು ಅವಳ ಜೊತೆ ಉಣ್ಣುವುದನ್ನು ಬಿಟ್ಟರು. ಅವಳು ಒಲೆಯ ಪಕ್ಕ ಒಬ್ಬಳೇ ಕೂತು ಮರಗೆಣಸು ಸುಲಿಯುತ್ತಿದ್ದುದು ನನಗೆ ನೆನಪಿದೆ. ಅವಳು ಸತ್ತ ದಿನ ನಿಮ್ಮವರು ಹಾಡಿದ ಹಾಡನ್ನೇ ನನ್ನ ಅಮ್ಮನಿಗೆ ಹಾಡಿದರು, ನನ್ನ ತಂಗಿಗೆ ನೀನು ಹಾಡಿದೆ. ಈಗ ನನ್ನ ಸರದಿ. ಗೇಲಿಗೆ ಸಿಟ್ಟು ಮಾಡಿಕೊಳ್ಳಬಾರದು, ಗೊತ್ತು. ಆದರೆ ಸುಳ್ಳೋ ನಿಜವೋ ಗೊತ್ತಿಲ್ಲದ ಗೇಲಿ ಹಲ್ಲಿನ ಸಂದಿಯ ನಾರಿನ ಹಾಗೆ. ಅವಳು ಮಾರಿದ್ದಳೆಂದೇ ಅಲ್ಲಿ ಬರೆದಿದ್ದರೆ ಅದನ್ನೂ ಬರೆ. ನಾನು ಅಳುವ ವಯಸ್ಸು ದಾಟಿದವಳು.

ತಾಬು ಈ ವರ್ಷ ಏಳನೇ ತರಗತಿ ಮುಗಿಸುತ್ತಾಳೆ. ಡಿಸೆಂಬರಿನಲ್ಲಿ ಒಳಗೆ ಕೂರುತ್ತಾಳೆ. ನಮ್ಮ ಕಾಲದಲ್ಲಿ ಒಂದು ವರ್ಷ, ಈಗ ಶಾಲೆಯ ರಜೆ ಎಷ್ಟೋ ಅಷ್ಟು. ಅವಳಿಗೆ ಮರದ ಮಗು ಬೇಕಲ್ಲ. ಮೇಲಿನ ಮನೆಯ ಕಿನೋಗೆಯ ಹೆಂಡತಿಯ ಹತ್ತಿರ ಹೋಗಿ ಅವರದನ್ನು ಅಜಿಮಾ ಕೇಳಿ ಬಂದೆ. "ಮತ್ತೆ ಬಂದ್ಯಾ? ನಿಮ್ ಮನೇಲಿ ಹೆಣ್ಣು ಹುಟ್ಟಿದ್ರೆ ನಮಗೇ ಕೆಲಸ," ಅಂದಳು. ಕೊಡುತ್ತಾಳೆ, ಆದರೆ ಒಂದು ಮಾತು ಅಂದೇ ಕೊಡುತ್ತಾಳೆ. ನನಗೂ ಅಜಿಮಾದ ಮಗು, ನನ್ನ ಮಗಳಿಗೂ ಅಜಿಮಾದ ಮಗು.

ಚಳಿಗೆ ತಲೆಗೆ ಬಟ್ಟೆ ಸುತ್ತಿಕೋ. ನಿನ್ನ ತಲೆಯಲ್ಲಿ ಮೊದಲೇ ಏನೂ ಇಲ್ಲ, ಇದ್ದದ್ದೂ ಹೆಪ್ಪುಗಟ್ಟಬಾರದು.

ಚೌಸಿಕು

~

ಹೋಲ್ಟ್ಸ್‌ಬುರ್ಗ್
30 ಮೇ 1984

ಅಜ್ಜಿ,

ನಿನ್ನ ಕಾಗದವನ್ನು ಟ್ರಾಮಿನಲ್ಲಿ ಓದಿದೆ. ಇಳಿಯಬೇಕಾದ ಜಾಗ ದಾಟಿತು, ಅದರ ಮುಂದಿನದೂ ದಾಟಿತು.

ಗಂಟು ಹನ್ನೊಂದೇ ಇವೆ. ಆದರೆ ನಾನು ಬರೆಯಬೇಕಾದದ್ದು ಅದಲ್ಲ. ನಿನ್ನ ಕಾಗದದ ಕೊನೆಯನ್ನು ನೀನೇ ಒಮ್ಮೆ ನೆನಪಿಸಿಕೋ. ಕಿನೋಗೆಯ ಹೆಂಡತಿಯ ಹತ್ತಿರ ಏನು ಕೇಳಿದೆ ಎಂದು ಬರೆದಿದ್ದೀ? ಅಜಿಮಾ. ಎರವಲು. ಚೀಟಿಯಲ್ಲಿರುವುದೂ ಅದೇ ಮಾತು! ಪಕ್ಕದಲ್ಲಿ ಜರ್ಮನ್ ಭಾಷೆಯಲ್ಲಿ 'ತಾಯಿತ' ಎಂದಿದ್ದದ್ದನ್ನು ನೋಡಿ ನಾನು ತಾಯಿತವೆಂದೇ ಓದಿದೆ. ಹುಟ್ಟಿದಾಗಿನಿಂದ ಉಪ್ಪು ಅಜಿಮಾ, ಒನಕೆ ಅಜಿಮಾ, ಕೊಡೆ ಅಜಿಮಾ ಎಂದು ಮನೆಮನೆಗೆ ಓಡಾಡಿದವನು ನಾನು. ಅದೇ ಮಾತು ದಪ್ಪ ಕಾಗದದ ಮೇಲೆ ಟೈಪಾಗಿ ಬಂದಾಗ ಗುರುತು ಹತ್ತಲಿಲ್ಲ. ನಿನಗೂ ಹತ್ತಲಿಲ್ಲ. ಮಣ್ಣು ಯಾರ ಬಾಯಿಗೆ ಬೀಳಬೇಕೋ ಈಗ ಹೇಳು.

ಅವಳು ಮಾರಲಿಲ್ಲ, ಕಾಣಿಕೆಯೂ ಕೊಡಲಿಲ್ಲ ಅಂತ ನನಗನ್ನಿಸುತ್ತದೆ. ಎರವಲು ಕೊಟ್ಟಳು. ಮಕ್ಕಳಿಲ್ಲದವಳ ಮಡಿಲಲ್ಲಿ ಮರದ ಮಗುವನ್ನು ಕೆಲವು ತಿಂಗಳು ಇಡುವುದು ನಿಮ್ಮಲ್ಲಿ ಇದ್ದದ್ದೇ ತಾನೆ? ಎರವಲು ಎಂದು ಬಾಯಲ್ಲಿ ಹೇಳಿ ಕೊಟ್ಟಿದ್ದಾಳೆ. ಅವರು ಅದನ್ನು ಆ ವಸ್ತುವಿನ ಹೆಸರೆಂದು ಬರೆದುಕೊಂಡಿದ್ದಾರೆ.

ಇಲ್ಲಿ ದಾಖಲೆ ಪುಸ್ತಕ ನೋಡಿಕೊಳ್ಳುವ ಒಬ್ಬ ಹೆಂಗಸಿದ್ದಾಳೆ, ಫ್ರೌ ರೋಟ್. ಮುಂದಿನ ವರ್ಷ ನಿವೃತ್ತಿ. ಮೊಣಕಾಲು ನೋವು, ಯಾರ ಮೇಲೂ ಪ್ರೀತಿಯಿಲ್ಲ. ಹೋಗಿ ಹೇಳಿದೆ. ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದಳು.

"ಒಂದು ಪದಕ್ಕೆ ಎರಡು ಅರ್ಥ ಇರುತ್ತೆ ಅಂತ ಹೇಳೋಕೆ ಇಷ್ಟು ಮೆಟ್ಲು ಹತ್ಕೊಂಡು ಬಂದ್ಯಾ?"

"ಹೌದಮ್ಮ."

"ಮೂವತ್ತೆಂಟು ವರ್ಷ ಆಯ್ತು ನಾನಿಲ್ಲಿಗೆ ಬಂದು. ಚೀಟಿ ಕಳೆದೋಯ್ತು ಅಂತ ಬಂದಿದ್ದಾರೆ, ಹರಿದೋಯ್ತು ಅಂತ ಬಂದಿದ್ದಾರೆ. ಅದನ್ನ ಓದಿ ತಪ್ಪಿದೆ ಅಂದೋನು ನೀನೇ ಮೊದಲ್ನೇವನು. ಹೋಗು, ಪೆಟ್ಟಿಗೆ ಮಾಡು. ನೋಡೋಣ."

ಅದನ್ನು ಮ್ಯೂಸಿಯಂಗೆ ಕೊಟ್ಟವಳು ಬರೆದ ಒಂದು ಕಾಗದ ಎಲ್ಲೋ ಇರಬೇಕಂತೆ, ಹಳೆಯ ಕೈಬರಹದಲ್ಲಿ. ಹುಡುಕುತ್ತಾಳಂತೆ. ಕಾಯಬೇಕು.

ಮಿಹಾಯೋ

~

ಕಿಬುಯುನಿ
2 ಆಗಸ್ಟ್ 1984

ಮಿಹಾಯೋ,

ಕಾಗದ ಬಂತು. ನಾಲ್ಕು ಸಲ ಓದಿದೆ. ಯಾರಿಗೂ ಹೇಳಿಲ್ಲ.

ನೀನು ಕುಣಿಯಬೇಡ. ಎರವಲು ಎಂದರೆ ಅರ್ಧ ಮಾತ್ರ ಗೆದ್ದ ಹಾಗೆ. ನಮ್ಮಲ್ಲಿ ಲೆಕ್ಕ ಹೇಗೆಂದು ನಿನಗೆ ಗೊತ್ತಿಲ್ಲ, ನೀವು ಗೇಲಿ ಮಾಡುವವರೇ ಹೊರತು ತಿಳಿದವರಲ್ಲ. ಕೊಟ್ಟವರು ಬಾಯಿ ಬಿಟ್ಟು ವಾಪಸು ಕೇಳದೆ ಎರಡು ಮಳೆಗಾಲ ಸುಮ್ಮನಿದ್ದರೆ ಅದು ದಾನವಾಗಿಬಿಡುತ್ತದೆ. ನಾವು ಒನಕೆ ಒಯ್ದ ಮೂರನೇ ದಿನವೇ ಕಿನೋಗೆಯ ಹೆಂಡತಿ ಬಂದು ಬಾಗಿಲು ಬಡಿಯುವುದು ಅದಕ್ಕೇ. ಅಜ್ಜಿಯ ಅಣ್ಣಂದಿರು ಅವಳನ್ನು ಅದನ್ನೇ ಕೇಳಿದ್ದಿರಬೇಕು. "ಹೋಗಿ ಕೇಳಿದ್ಯಾ?" ಅಂದಿರಬೇಕು. ಅವಳು ಕೇಳಲಿಲ್ಲವೆಂದರೆ ಕೊಟ್ಟದ್ದೇ ಸರಿ, ಹಾಡೂ ಸರಿ. ಕೇಳಿದ್ದಳೋ ಇಲ್ಲವೋ, ನನಗೆ ಅಷ್ಟು ಗೊತ್ತಾದರೆ ಸಾಕು. ಕೇಳಿರಲಾರಳು ಎಂದು ಭಯ. ಆ ಕಾಲದಲ್ಲಿ ಬಿಳಿಯರ ಬಾಗಿಲಿಗೆ ಹೋಗಿ ನಮ್ಮದು ನಮಗೆ ಕೊಡಿ ಎನ್ನುವುದೆಂದರೆ ಹುಡುಗಾಟವಲ್ಲ. ನಮ್ಮವರು ಜರ್ಮನ್ನರ ಮೇಲೆ ಎದ್ದ ಯುದ್ಧ ಮುಗಿದು ನಾಲ್ಕೈದು ವರ್ಷವಾಗಿತ್ತು ಅಷ್ಟೇ, ನೇಣು ಹಾಕಿದ ಮರ ಇನ್ನೂ ನಿಂತಿತ್ತು.

ಜಿಲ್ಲಾ ಕಚೇರಿಗೆ ಹೋಗಿದ್ದೆ. ಎರಡು ದಿನ ಬೆಂಚಿನ ಮೇಲೆ ಕೂತೆ. ಒಬ್ಬ ಹುಡುಗ ಸಾಹೇಬ ಬಂದು, "ಏನಜ್ಜೀ, ಗೊಂಬೆ ಕಳೆದೋಯ್ತಾ? ಪೊಲೀಸ್ ಸ್ಟೇಷನ್ನು ಪಕ್ಕದಲ್ಲಿದೆ," ಅಂದ. ಎಪ್ಪತ್ಮೂರು ವರ್ಷದ ಹಿಂದೆ ಅಂದೆ. "ಹಾಗಾದ್ರೆ ಅವಸರ ಏನಿಲ್ವಲ್ಲ, ಹಬ್ಬ ಮುಗಿಸ್ಕೊಂಡು ಬಾ," ಅಂದ. ಅವನ ಹೊಟ್ಟೆ ತಣ್ಣಗಿರಲಿ.

ದಣಿದಿದ್ದೇನೆ. ಹೆಚ್ಚು ಬರೆಯುವುದಿಲ್ಲ.

ಚೌಸಿಕು

~

ಹೋಲ್ಟ್ಸ್‌ಬುರ್ಗ್
21 ಅಕ್ಟೋಬರ್ 1984

ಅಜ್ಜಿ,

ಕುಳಿತು ಓದು. ತಾಬುವನ್ನು ಪಕ್ಕದಲ್ಲಿ ಕೂರಿಸಿಕೋ.

ಫ್ರೌ ರೋಟ್ ಕಾಗದ ಹುಡುಕಿದಳು. ಪಾದ್ರಿಯ ಹೆಂಡತಿಯ ಹೆಸರು ಹೆಲೆನೆ. 1921ರಲ್ಲಿ ಈ ಮಗುವನ್ನು ಮ್ಯೂಸಿಯಂಗೆ ಕೊಡುವಾಗ ಬರೆದದ್ದು. ಆ ಹಳೆಯ ಲಿಪಿ ನನಗೆ ಬಾರದು. ಫ್ರೌ ರೋಟ್ ಗಟ್ಟಿಯಾಗಿ ಓದಿದಳು, ನಾನು ನಮ್ಮ ಭಾಷೆಯಲ್ಲಿ ಬರೆದುಕೊಂಡೆ. ಒಂದು ಅಕ್ಷರವನ್ನೂ ನಾನು ಸೇರಿಸಿಲ್ಲ:

"ನಮಗೆ ಮೊಟ್ಟೆ ತರುತ್ತಿದ್ದ ಮ್ವಾಂವುವಾ ಎಂಬ ಹೆಂಗಸು, ನನಗೆ ಮಕ್ಕಳಿಲ್ಲವೆಂದು ತಿಳಿದು, ಒಂದು ದಿನ ಈ ಗೊಂಬೆಯನ್ನು ತಂದು ನನ್ನ ಮಡಿಲಲ್ಲಿಟ್ಟು 'ಅಜಿಮಾ, ಅಜಿಮಾ' ಎಂದಳು. ನನ್ನ ಪತಿ ನಿಘಂಟು ತೆಗೆದು ನೋಡಿ ಅದಕ್ಕೆ ತಾಯಿತವೆಂದು ಅರ್ಥ ಹೇಳಿದರು. ನಾವು ನಕ್ಕೆವು. ಆದರೆ ಮರುವರ್ಷ ನಮ್ಮ ಫ್ರೀಡ್ರಿಖ್ ಹುಟ್ಟಿದ. ಸುದ್ದಿ ತಿಳಿದು ಅವಳು ಬಂದಳು. ಬಾಗಿಲಲ್ಲಿ ನಿಂತು 'ಅಜಿಮಾ' ಎಂದು ಎರಡೂ ಕೈ ಚಾಚಿದಳು. ಮಗುವನ್ನು ಹರಸಲು ಬಂದಿದ್ದಾಳೆಂದು ತಿಳಿದು ಫ್ರೀಡ್ರಿಖ್‌ನನ್ನು ಅವಳ ಕೈಯಲ್ಲಿಟ್ಟೆ. ತುಂಬ ಹೊತ್ತು ಎತ್ತಿಕೊಂಡಿದ್ದಳು. ಆಮೇಲೆ ಹಿಂದಕ್ಕೆ ಕೊಟ್ಟಳು. ನಾವು ಸ್ವದೇಶಕ್ಕೆ ಹೊರಟ ದಿನವೂ ಬಂದಳು. ಹೊರೆಯಾಳುಗಳು ಪೆಟ್ಟಿಗೆಗಳನ್ನು ತಲೆಗೇರಿಸಿದ್ದರು. ಅವಳು 'ಅಜಿಮಾ, ಅಜಿಮಾ' ಎಂದು ಕೂಗುತ್ತ ಅವರ ಹಿಂದೆ ನಡೆದಳು, ಗೇಟಿನ ಸಿಪಾಯಿ ತಡೆಯುವವರೆಗೆ. ಆ ಜನರ ಅಂಥ ಪ್ರೀತಿಯನ್ನು ನಾನು ಇಂದಿಗೂ ಮರೆತಿಲ್ಲ."

ಇಷ್ಟೇ ಇರುವುದು. ಓದಿ ಮುಗಿಸಿ ಫ್ರೌ ರೋಟ್ ಬಹಳ ಹೊತ್ತು ಕನ್ನಡಕ ಒರೆಸಿದಳು. "ಪಾಪ, ಹೆಡ್ಡಿ," ಅಂದಳು. ಯಾರಿಗೆ ಅಂದಳೆಂದು ನಾನು ಕೇಳಲಿಲ್ಲ.

ಅವಳೇ ನನ್ನನ್ನು ದೊಡ್ಡ ಸಾಹೇಬನ ಹತ್ತಿರ ಕರೆದುಕೊಂಡು ಹೋದಳು. ಸಾಹೇಬ ಒಳ್ಳೆಯ ಮನುಷ್ಯ, ಕಾಫಿ ಕೊಟ್ಟ. "ಆಕೆ ಏನಂದ್ಲು ಅನ್ನೋದು ಬಹಳ ಮನಸ್ಸಿಗೆ ತಟ್ಟುತ್ತೆ. ಆದ್ರೆ ನಮ್ಮ ಪುಸ್ತಕದಲ್ಲಿ ಕಾಣಿಕೆ ಅಂತಿದೆ. ಕೇಳೋದಿದ್ರೆ ನಿಮ್ಮ ಸರ್ಕಾರ ಕೇಳ್ಲಿ. ಒಂದು ಕೊಟ್ರೆ ನಾಳೆ ಕಪಾಟೆಲ್ಲ ಖಾಲಿ ಮಾಡ್ಬೇಕಾಗುತ್ತೆ, ಅಲ್ವಾ?" ಅಂದ. ಕೊಡುವುದಿಲ್ಲ, ಅಜ್ಜಿ. ನಾನು ಕಾಫಿ ಕುಡಿದು ಎದ್ದು ಬಂದೆ. ಕುಡಿಯಬಾರದಿತ್ತು.

ಇನ್ನೊಂದು ಮಾತಿದೆ. ಮೊದಲ ಕಾಗದದಲ್ಲೇ ಬರೆಯಬೇಕಿತ್ತು, ಬರೆಯಲಿಲ್ಲ. ಆ ಪೆಟ್ಟಿಗೆ ಹೊತ್ತವರಲ್ಲಿ ನನ್ನ ತಾತ ಇದ್ದ. ಪಾದ್ರಿಯ ಸಾಮಾನು ಬಂದರಿಗೆ ಇಳಿಸಿ ಬಂದು ನಿಮ್ಮೂರಲ್ಲೇ ನೆಲೆ ನಿಂತವನು ಅವನು. ಅಪ್ಪ ನಗುತ್ತ ಹೇಳುತ್ತಿದ್ದ: "ನಿನ್ ತಾತ ಪೆಟ್ಟಿಗೆ ಹೊತ್ಕೊಂಡು ಹೋಗ್ತಿದ್ರೆ ಹಿಂದೆ ಒಬ್ಳು ಹುಚ್ಚಿ ಕೂಗ್ಕೊಂಡು ಬರ್ತಿದ್ಲಂತೆ." ಏನೆಂದು ಕೂಗುತ್ತಿದ್ದಳೆಂದು ನಾವು ಯಾರೂ ಕೇಳಲಿಲ್ಲ. ಆ ಹಾಡು ಕಟ್ಟಿದವನೂ ತಾತನೇ. ಹೆಲೆನೆಗೆ ಭಾಷೆ ಬರುತ್ತಿರಲಿಲ್ಲ, ಸರಿ. ತಾತನಿಗೆ ಬರುತ್ತಿತ್ತು. ಅಜಿಮಾ ಎಂದರೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪೆಟ್ಟಿಗೆ ಇಳಿಸಲಿಲ್ಲ. ವಾಪಸು ಬಂದು ಮಾರಿದಳೆಂದು ಹಾಡು ಕಟ್ಟಿದ.

ನನಗೆ ನಾಚಿಕೆಯಾಗುತ್ತದೆ. ನಾನೂ ಪೆಟ್ಟಿಗೆ ಮಾಡುವವನೇ.

ಮಿಹಾಯೋ

~

ಕಿಬುಯುನಿ
15 ಜನವರಿ 1985

ನನ್ನ ಗಂಡನಿಗೆ,

ಕಾಗದ ಕ್ರಿಸ್ಮಸ್ಸಿನ ವಾರ ಬಂತು. ತಾಬು ಒಳಗೆ ಕೂತಿದ್ದಳು, ಅವಳ ಕೈಯಲ್ಲೇ ಓದಿಸಿದೆ. ನನ್ನ ಕಣ್ಣು ಈಗ ಸಣ್ಣ ಅಕ್ಷರ ಹಿಡಿಯುವುದಿಲ್ಲ, ಅಷ್ಟೇ, ಬೇರೇನಿಲ್ಲ.

ನಿನ್ನ ತಾತನ ವಿಷಯ ನನಗೆ ಮೊದಲೇ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಪೆಟ್ಟಿಗೆ ಹೊತ್ತವನು ತಿರುಗಿ ನೋಡಿದರೆ ಬೆನ್ನಿಗೆ ಚಾಟಿ ಬೀಳುತ್ತಿತ್ತು. ಬೆನ್ನು ಉಳಿಸಿಕೊಂಡ, ಆಮೇಲೆ ಮುಖ ಉಳಿಸಿಕೊಳ್ಳುವುದಕ್ಕೆ ಹಾಡು ಕಟ್ಟಿದ. ಕತ್ತೆಗಳೇ ನೀವು, ಯಾವತ್ತೂ. ಕತ್ತೆಯ ಮೇಲೆ ಸಿಟ್ಟು ಮಾಡಿಕೊಂಡು ನನಗೇನು ಸಿಗುತ್ತದೆ?

ನೀನು ಅಳುವ ದನಿಯಲ್ಲಿ ಬರೆದಿದ್ದೀ. ನಾನು ಓದಿಸಿ ಕೇಳಿ ಎದ್ದು ಕೂತೆ. ಅವಳು ಕೇಳಿದ್ದಾಳೆ, ಮಿಹಾಯೋ! ಬಾಗಿಲಲ್ಲಿ ನಿಂತು ಕೇಳಿದ್ದಾಳೆ, ದಾರಿಯಲ್ಲಿ ಕೂಗಿ ಕೇಳಿದ್ದಾಳೆ, ಸಿಪಾಯಿಯ ಕೋವಿಯ ಎದುರಿಗೇ ಕೇಳಿದ್ದಾಳೆ. ಅದನ್ನು ಒಯ್ದವಳೇ ತನ್ನ ಕೈಯಾರೆ ಬರೆದಿಟ್ಟಿದ್ದಾಳೆ. ಇನ್ನೇನು ಸಾಕ್ಷಿ ಬೇಕು? ಇನ್ನೊಂದು ನೋಡು. ಆ ಬಿಳೀ ಹೆಂಗಸು ತನ್ನ ಮಗುವನ್ನೇ ಅವಳ ಕೈಗಿಟ್ಟಳು. ಅಜ್ಜಿ ಎತ್ತಿಕೊಂಡಳು, ಹಿಂದಕ್ಕೆ ಕೊಟ್ಟಳು. ತನ್ನ ಕೈಗೆ ಬಂದದ್ದನ್ನು ಅವಳು ವಾಪಸು ಕೊಟ್ಟಳು. ನನಗೆ ಅಷ್ಟು ಸಾಕು. ಅಳುವ ವಯಸ್ಸು ದಾಟಿದವಳೆಂದು ನಿನಗೆ ಬರೆದಿದ್ದೆ, ಅದು ಸುಳ್ಳು.

ಯಾಕೆ ಬಾಯಿ ಬಿಡಲಿಲ್ಲ ಎಂದೂ ಈಗ ಗೊತ್ತಾಯಿತು. ಕೇಳಿದೆ, ಕೊಡಲಿಲ್ಲ ಅಂದಿದ್ದರೆ ಅವಳ ಅಣ್ಣಂದಿರು ಪಾದ್ರಿಯ ಮನೆಗೆ ಜಗಳಕ್ಕೆ ಹೋಗುತ್ತಿದ್ದರು. ಯುದ್ಧದಲ್ಲಿ ಇಬ್ಬರು ಆಗಲೇ ಸತ್ತಿದ್ದರು. ಉಳಿದವರನ್ನು ಉಳಿಸಿಕೊಂಡಳು.

ತಾಬು ಹೊರಗೆ ಬಂದ ದಿನ ಎರಡೂ ಕುಲದವರನ್ನು ಕರೆಸಿದೆ. ನಿನ್ನ ಚಿಕ್ಕಪ್ಪ ಮಗಾಂಗಾನನ್ನು ಮುಂದೆಯೇ ಕೂರಿಸಿದೆ. ತಾಬು ನಿಂತುಕೊಂಡು ಓದಿದಳು. ಮುಗಿದ ಮೇಲೆ ಮಗಾಂಗಾ ತಲೆ ಕೆರೆದುಕೊಂಡ.

"ಹಾಗಾದ್ರೆ ಎಪ್ಪತ್ತು ವರ್ಷದ ಹಾಡು ಕೆಟ್ಟೋಯ್ತಲ್ಲೇ, ಚೌಸಿಕು. ಈಗ ನೀನ್ ಸತ್ರೆ ಏನ್ ಹಾಡೋದು? ಬಾಯಿ ಮುಚ್ಕೊಂಡು ಕೂರೋಕಾಗುತ್ತಾ?"

"ನನ್ ಗಂಡ ಜರ್ಮನೀಲಿದ್ದಾನೆ. ಅವನ್ ಬರೆದು ಕಳಿಸ್ತಾನೆ. ನೀನು ಗಂಟಲು ಸರಿ ಮಾಡ್ಕೋ ಸಾಕು," ಅಂದೆ. ಕಿನೋಗೆಯ ಹೆಂಡತಿ ತನ್ನ ಮರದ ಮಗುವನ್ನು ವಾಪಸು ಒಯ್ಯುವಾಗ ಈ ಸಲ ಏನೂ ಅನ್ನಲಿಲ್ಲ. ಅದೇ ಒಂದು ವಿಚಿತ್ರ.

ಈಗ ನಾನು ಹೇಳುವುದನ್ನು ಕೇಳು. ಮಗುವನ್ನು ಕದ್ದು ತರಬೇಡ. ನಿನ್ನ ತಲೆಯಲ್ಲಿ ಅದು ಓಡುತ್ತಿರುತ್ತದೆ, ನನಗೆ ಗೊತ್ತು. ಎರವಲು ಒಯ್ದವರೇ ಹೊತ್ತು ತಂದು ಬಾಗಿಲಲ್ಲಿ ಇಡಬೇಕು, ಜೊತೆಗೆ ಒಂದು ಕೋಳಿ, ಒಂದು ಬಟ್ಟೆ. ಅದು ಕ್ರಮ. ಅವರಿಗೆ ಗೊತ್ತಿರಲಿಲ್ಲ, ಹೆಡ್ಡರಾಗಿದ್ದರು. ಈಗ ಗೊತ್ತಾಯಿತಲ್ಲ, ಇನ್ನು ಮೇಲೆ ಅವರ ಹೊರೆ ಅವರಿಗೆ.

ಇದರ ಜೊತೆ ಒಂದು ಸಣ್ಣ ಬಟ್ಟೆಯ ಗಂಟಿದೆ. ಒಳಗೆ ಎರಡು ಎಳೆ ಕೂದಲು. ಕಪ್ಪಗಿರುವುದು ತಾಬುವಿನದು. ಬಿಳಿಯದು ನನ್ನದು, ಅರವತ್ತು ವರ್ಷ ತಡವಾಯಿತು. ತಾಬುವಿನ ಅಮ್ಮ ಪಟ್ಟಣದಲ್ಲಿ ಔಷಧಿ ಹಚ್ಚಿ ಕೂದಲು ಸುಟ್ಟುಕೊಂಡಿದ್ದಾಳೆ, ಅದು ಬೇಡ. ಹನ್ನೊಂದನೆಯ ಗಂಟಿನ ಪಕ್ಕ ಕಟ್ಟು. ನಿನಗೆ ಗಂಟು ಹಾಕಲು ಬರುತ್ತದಲ್ಲ?

ಚೌಸಿಕು

(ಮಿಹಾಯೋ ತಾತ, ಅಜ್ಜಿಯ ಗಂಡನಾದ ಮೇಲೆ ತಾತನೇ ತಾನೆ, ನಾನು ತಾಬು. ಅಜ್ಜಿಗೆ ಗೊತ್ತಾಗದ ಹಾಗೆ ಬರೆಯುತ್ತಿದ್ದೇನೆ. ಈ ಕಾಗದವೂ ಅಜ್ಜಿಯ ಕೈಬರಹವಲ್ಲ, ನನ್ನದು. ನವೆಂಬರಿನಿಂದ ಅಜ್ಜಿ ಮಂಚ ಬಿಟ್ಟು ಎದ್ದಿಲ್ಲ. ಅವತ್ತು ಜನ ಸೇರಿದಾಗ ಮಂಚದ ಸಮೇತ ಹೊರಗೆ ತಂದದ್ದು. ಹಳೆಯ ಊರಿಗೆ ನಡೆದು ಹೋಗಿ ಮ್ವಾಂವುವಾ ಅಜ್ಜಿಯ ಗೋರಿಯ ಹತ್ತಿರವೂ ನಿಮ್ಮ ಕಾಗದ ಓದಿ ಬಾ ಎಂದು ಕಳಿಸಿದ್ದಳು. ಗಟ್ಟಿಯಾಗಿ ಓದು, ಅವಳಿಗೆ ಕಿವಿ ಮಂದ ಅಂದಳು. ಓದಿ ಬಂದೆ. ನೀವು ಬೇಗ ಬರೆಯಿರಿ.)

~

ಹೋಲ್ಟ್ಸ್‌ಬುರ್ಗ್
3 ಮಾರ್ಚ್ 1985

ನನ್ನ ಮುದಿ ಹೆಂಡತಿಗೆ,

ಕಟ್ಟಿದೆ. ಶುಕ್ರವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಪೆಟ್ಟಿಗೆ ತೆಗೆದೆ. ನಾನೇ ಮಾಡಿದ ಪೆಟ್ಟಿಗೆ, ಮುಚ್ಚಳ ಬಿಗಿಯಾಗಿ ಕೂರಿಸಿದ್ದೆ, ತೆಗೆಯಲು ಒದ್ದಾಡಿದೆ. ತಾಬುವಿನದನ್ನು ಕಟ್ಟುವುದು ಸುಲಭವಾಯಿತು. ನಿನ್ನದು ಜಾರುತ್ತದೆ, ನಿನ್ನ ಹಾಗೆಯೇ ಹಟಮಾರಿ. ಮೂರು ಸಲ ಕಟ್ಟಬೇಕಾಯಿತು. ಆಮೇಲೆ ಮಗುವನ್ನು ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಗಂಡಸರು ಹಾಗೆ ಮಾಡಬಾರದೆಂದು ಗೊತ್ತು. ನೋಡುವವರು ಯಾರೂ ಇರಲಿಲ್ಲ.

ನಿನ್ನೆ ಫ್ರೌ ರೋಟ್ ವರ್ಷದ ತಪಾಸಣೆಗೆ ಕೆಳಗೆ ಬಂದಳು. ಹೋದ ವರ್ಷದ ಪಟ್ಟಿ ಹಿಡಿದುಕೊಂಡು ಒಂದೊಂದೇ ವಸ್ತು ನೋಡುತ್ತ ಬಂದಳು. ನಮ್ಮ ಪೆಟ್ಟಿಗೆ ತೆಗೆದಳು, ಎಣಿಸಿದಳು. ಮತ್ತೆ ಎಣಿಸಿದಳು.

"ಇಲ್ಲಿ ಹನ್ನೊಂದು ಅಂತಿದೆ."

ನಾನು ಮುಚ್ಚಳವನ್ನು ಪಕ್ಕಕ್ಕೆ ಸರಿಸಿದೆ.

"ಹದಿಮೂರಿದಾವೆ. ಒಂದು ಬಿಳೀದು."

"ಹೌದಮ್ಮ."

"ಯಾರದು?"

"ಬಿಳೀದು ಮ್ವಾಂವುವಾಳ ಮೊಮ್ಮಗಳದು. ಕಪ್ಪನೇದು ಆ ಮೊಮ್ಮಗಳ ಮೊಮ್ಮಗಳದು."

ಸುತ್ತ ಒಮ್ಮೆ ನೋಡಿದಳು. ಜೇಬಿನಿಂದ ರಬ್ಬರು ತೆಗೆದು ಹನ್ನೊಂದನ್ನು ಅಳಿಸಿದಳು, ಹದಿಮೂರು ಎಂದು ಬರೆದಳು. "ಹೋದ ವರ್ಷ ನಾನೇ ತಪ್ಪು ಎಣಿಸಿರ್ಬೇಕು. ವಯಸ್ಸಾಯ್ತು ನೋಡು," ಅಂದಳು. ಅಷ್ಟಕ್ಕೇ ಹೋಗಲಿಲ್ಲ. ಮಗುವಿನ ಕುತ್ತಿಗೆಯ ಚೀಟಿಯಲ್ಲಿ 'ಕಾಣಿಕೆ' ಎಂದಿದ್ದದ್ದರ ಮುಂದೆ ಪೆನ್ಸಿಲ್ ಅಲ್ಲ, ಪೆನ್ನಿನಲ್ಲಿ ಬರೆದಳು: "ಎರವಲು. ಕೊಟ್ಟವರು ವಾಪಸು ಕೇಳಿದ್ದಾರೆ." ಮೇಲಿನ ದೊಡ್ಡ ಪುಸ್ತಕದಲ್ಲೂ ಹಾಗೇ ಬರೆದು ಸಹಿ ಹಾಕಿದ್ದಾಳೆ. ದೊಡ್ಡ ಸಾಹೇಬ ನೋಡಿದಾಗ ನೋಡಲಿ, ಅಷ್ಟು ಹೊತ್ತಿಗೆ ನಾನು ನಿವೃತ್ತಿಯಾಗಿರ್ತೀನಿ ಅಂದಳು.

ನನ್ನ ಪರ್ಮಿಟ್ ಜೂನಿಗೆ ಮುಗಿಯುತ್ತದೆ. ಬರಿಗೈಲಿ ಬರುತ್ತೇನೆ. ಸೋಪು ತರುತ್ತೇನೆ, ಅದು ಬೇರೆ.

ಹಾಡು ಕೇಳಿದ್ದೆಯಲ್ಲ. ಚಿಕ್ಕಪ್ಪ ಮಗಾಂಗಾನಿಗೆ ಕಲಿಸಬೇಡ, ಅವನದು ಕಪ್ಪೆಯ ಗಂಟಲು. ನಾನೇ ಬಂದು ನಿನ್ನ ಪಕ್ಕ ಚಾಪೆ ಹಾಸಿ ಮಲಗಿ ಹಾಡುತ್ತೇನೆ:

"ಎರವಲು ಕೊಟ್ಟೋಳು ಕೂಗ್ತಾ ಬಂದ್ಲು, ಹಿಂದೆ ಹಿಂದೆ ಬಂದ್ಲು,
ಕೇಳಿಸ್ಕೊಂಡೂ ಕಿವುಡಾದೋರು, ಹೊರೆ ಹೊತ್ತೋರು ನಾವು!"

ಈ ಸಲ ನಗುವುದು ನಿಮ್ಮ ಸರದಿ. ಮನೆಯವರೆಲ್ಲ ಚೆನ್ನಾಗಿ ನಗಬೇಕು, ಇಲ್ಲದಿದ್ದರೆ ನಾನು ಎದ್ದು ಹೋಗುತ್ತೇನೆ. ತಾಬು, ಇದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳು.

ಅಜ್ಜಿ, ಹಾಡು ಸಿದ್ಧವಾಗಿದೆ. ನೀನೇನೂ ಅವಸರ ಮಾಡಬೇಡ.

ಮಿಹಾಯೋ